ಊರು ಮೊದಲು, ಕಾರ್ಡು ಆಮೇಲೆ

ಮಾಲ್‌ಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಮೇಜು ಹಾಕಿಕೊಂಡು ಕ್ರೆಡಿಟ್ ಕಾರ್ಡ್ ಕೊಡಿಸುವವರು ಮೊದಲು ಕೇಳುವುದು ಸಂಬಳ ಎಷ್ಟು ಅಂತ. ಆಮೇಲೆ ಲಾಂಜ್ ಪ್ರವೇಶ, ಸ್ವಾಗತದ ಪಾಯಿಂಟ್, ಹುಟ್ಟುಹಬ್ಬದ ವೋಚರ್ ಎಂದು ಒಂದೊಂದಾಗಿ ಬಿಚ್ಚಿಡುತ್ತಾರೆ. ಈ ಪಾಯಿಂಟ್ ಸೇರಿಸಿ ನೀವು ಯಾವ ಊರಿಗೆ ಹೋಗಬೇಕು ಅಂತಿದ್ದೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ವಿಮಾನದ ಟಿಕೆಟ್‌ಗಾಗಿ ಕಾರ್ಡ್ ಆರಿಸುವವರು ಶುರುಮಾಡಬೇಕಾದದ್ದು ಆ ಪ್ರಶ್ನೆಯಿಂದಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಂಗಳೂರಿನಿಂದ ಮುಂಬೈಗೆ ವರ್ಷಕ್ಕೆರಡು ಸಲ ಹೋಗಿಬರುವವರಿಗೂ, ಮಗಳ ಬಾಣಂತನಕ್ಕೆಂದು ಸ್ಯಾನ್ ಹೊಸೆಗೆ ಹೊರಡುವ ಮೈಸೂರಿನ ದಂಪತಿಗೂ ಒಂದೇ ಕಾರ್ಡ್ ಒಳ್ಳೆಯದಾಗಲು ಸಾಧ್ಯವೇ ಇಲ್ಲ.

ಪಾಯಿಂಟ್ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡರೆ ಅದನ್ನು ಎಷ್ಟು ನಂಬಬಹುದು ಎಂಬುದೂ ತಿಳಿಯುತ್ತದೆ. ಅಂಗಡಿಯಲ್ಲಿ ನೀವು ಕಾರ್ಡ್ ಉಜ್ಜಿದಾಗ ಅಂಗಡಿಯವನಿಗೆ ಪೂರ್ತಿ ಹಣ ಸೇರುವುದಿಲ್ಲ. ನೂರು ರೂಪಾಯಿಗೆ ಸುಮಾರು ಎರಡು ರೂಪಾಯಿ ಶುಲ್ಕವಾಗಿ ಮುರಿದುಕೊಳ್ಳುತ್ತದೆ, ಅದರಲ್ಲಿ ದೊಡ್ಡ ಪಾಲು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿನದು. ನಿಮ್ಮ ಪಾಯಿಂಟ್‌ಗೆ ಹಣ ಹುಟ್ಟುವುದು ಮೊದಲು ಅಲ್ಲಿಂದ. ಅದರ ಜೊತೆಗೆ ವಾರ್ಷಿಕ ಶುಲ್ಕ, ವಿದೇಶಿ ಖರ್ಚಿನ ಮೇಲಿನ ಶುಲ್ಕ, ಎಲ್ಲಕ್ಕಿಂತ ಮುಖ್ಯವಾಗಿ ಬಿಲ್ಲನ್ನು ಪೂರ್ತಿ ಕಟ್ಟಲಾಗದವರು ತೆರುವ ಬಡ್ಡಿ. ಈ ಮೂಲಗಳಲ್ಲಿ ಯಾವುದು ಬತ್ತಿದರೂ ಪಾಯಿಂಟ್ ಬತ್ತುತ್ತದೆ. ಯುರೋಪಿಯನ್ ಒಕ್ಕೂಟ 2015ರಲ್ಲಿ ಕ್ರೆಡಿಟ್ ಕಾರ್ಡಿನ ವಹಿವಾಟಿನಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುವ ಪಾಲನ್ನು ಶೇ. 0.3ಕ್ಕೆ ಮಿತಿಗೊಳಿಸಿತು. ಅಲ್ಲಿನ ಕಾರ್ಡುಗಳು ಅಮೆರಿಕದ ಕಾರ್ಡುಗಳಷ್ಟು ಧಾರಾಳವಾಗಿ ಪಾಯಿಂಟ್ ಕೊಡದಿರುವುದಕ್ಕೆ ಇದೇ ದೊಡ್ಡ ಕಾರಣ. ನಮ್ಮಲ್ಲೂ ಇದೇ ತರ್ಕ. ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಬೀದಿ ಬದಿಯ ಕಿರಾಣಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವುದು ಈಗ ಸಾಧ್ಯ. ಆದರೆ ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗಿನ ಪಾವತಿಗೆ ಶುಲ್ಕವೇ ಇಲ್ಲದ್ದರಿಂದ ಅಂಥ ಖರ್ಚಿಗೆ ಹಲವು ಕಾರ್ಡುಗಳು ಪಾಯಿಂಟ್ ಕೊಡುವುದು ಕಡಿಮೆ, ಕೆಲವು ಕೊಡುವುದೇ ಇಲ್ಲ.

ಅಮೆರಿಕದ ಕಾರ್ಡುಗಳ ಲೆಕ್ಕ ತೆಗೆದು ಅಲ್ಲಿನ ಫೆಡರಲ್ ರಿಸರ್ವ್ ಪ್ರಕಟಿಸಿದ ಒಂದು ಸಂಶೋಧನಾ ಪ್ರಬಂಧ, ರಿವಾರ್ಡ್ ಕಾರ್ಡುಗಳ ಮೂಲಕ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್ ಹಣಕಾಸಿನ ತಿಳಿವಳಿಕೆ ಕಡಿಮೆ ಇರುವವರ ಕೈಯಿಂದ ಹೆಚ್ಚು ಇರುವವರ ಕೈಗೆ ಹೋಗುತ್ತದೆ ಎಂದು ಅಂದಾಜು ಮಾಡಿತ್ತು. ಈ ಮಾತು ನನ್ನನ್ನು ಕಾಡುತ್ತದೆ. ಒಬ್ಬರು ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿ ಮಲಗುವ ಖರ್ಚಿನಲ್ಲಿ ಒಂದಂಶವನ್ನು ಯಾವುದೋ ಮನೆಯವರು ಬಡ್ಡಿಯಾಗಿ ಕಟ್ಟಿರುತ್ತಾರೆ. ಈ ಅಂಕಣ ಓದಿ ಯಾರೂ ಆ ಬಡ್ಡಿ ಕಟ್ಟುವವರ ಸಾಲಿಗೆ ಸೇರಬಾರದು ಎಂಬ ಕಾಳಜಿ ನನ್ನದು. ಆದ್ದರಿಂದ ಬಡ್ಡಿಯ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ.

ಹೆಚ್ಚಿನ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸಿನಲ್ಲಿದೆ, ಅಂದರೆ ವರ್ಷಕ್ಕೆ ಶೇ. 42ಕ್ಕೂ ಮೇಲೆ. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಮಾಡಿದೆ. ಒಂದು ಲಕ್ಷ ರೂಪಾಯಿ ಬಾಕಿ ಒಂದು ತಿಂಗಳು ಉಳಿದರೆ 3,500 ರೂಪಾಯಿ ಬಡ್ಡಿ, ಅದರ ಮೇಲೆ ಶೇ. 18 ಜಿಎಸ್‌ಟಿ 630 ರೂಪಾಯಿ, ಒಟ್ಟು 4,130. ನೂರು ರೂಪಾಯಿಗೆ ಎರಡು ಪಾಯಿಂಟ್ ಕೊಡುವ ಕಾರ್ಡಿನಲ್ಲಿ, ಒಂದು ಪಾಯಿಂಟ್‌ಗೆ ಒಂದು ರೂಪಾಯಿ ಬೆಲೆ ಹಿಡಿದರೆ, ಈ ಹಣವನ್ನು ಮರಳಿ ಗಳಿಸಲು ಎರಡು ಲಕ್ಷಕ್ಕೂ ಹೆಚ್ಚು ಖರ್ಚು ಮಾಡಬೇಕು. ‘ಮಿನಿಮಮ್ ಡ್ಯೂ’ ಕಟ್ಟಿದರೆ ತಡಪಾವತಿಯ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಬಾಕಿ ಉಳಿದಿರುವಾಗ ಮಾಡಿದ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ತಿಂಗಳ ಬಿಲ್ಲನ್ನು ಕೊನೆಯ ರೂಪಾಯಿವರೆಗೆ ಕಟ್ಟುವ ಅಭ್ಯಾಸ ಇಲ್ಲದವರು ವಿಮಾನದ ಪಾಯಿಂಟ್‌ನ ಆಸೆ ಬಿಡಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳಲಾರೆ.

ಇನ್ನು ಏರ್‌ಲೈನ್‌ಗಳ ಕಡೆಗೆ. ಅಮೆರಿಕದಲ್ಲಿ 1978ರ ಕಾನೂನು ವಿಮಾನ ದರಗಳ ಮೇಲಿನ ಸರ್ಕಾರಿ ಹಿಡಿತ ತೆಗೆದ ಮೇಲೆ ಕಂಪನಿಗಳ ನಡುವೆ ಪೈಪೋಟಿ ಹೆಚ್ಚಿತು. ಖಾಯಂ ಗಿರಾಕಿಗಳನ್ನು ಹಿಡಿದಿಟ್ಟುಕೊಳ್ಳಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ‘ಅಡ್ವಾಂಟೇಜ್’ ಯೋಜನೆ ಶುರುಮಾಡಿತು. ಹಾರಿದಷ್ಟು ಮೈಲಿ ಲೆಕ್ಕಕ್ಕೆ, ಸಾಕಷ್ಟು ಮೈಲಿ ಸೇರಿದರೆ ಟಿಕೆಟ್ ಉಚಿತ. 1987ರಲ್ಲಿ ಸಿಟಿಬ್ಯಾಂಕ್ ಆ ಹೆಸರಿನ ಕಾರ್ಡ್ ತಂದಾಗ ವಿಮಾನ ಹತ್ತದೆಯೂ ಮೈಲ್ಸ್ ಗಳಿಸುವ ದಾರಿ ಅಗಲವಾಯಿತು. ಅಂದಿನಿಂದ ಏರ್‌ಲೈನ್‌ಗಳು ಬ್ಯಾಂಕುಗಳಿಗೆ ಮೈಲ್ಸ್ ಮಾರುವ ವ್ಯಾಪಾರಕ್ಕೆ ಇಳಿದವು. ಕೋವಿಡ್ ಕಾಲದಲ್ಲಿ ವಿಮಾನಗಳು ನೆಲ ಹಿಡಿದಾಗ ಈ ವ್ಯಾಪಾರದ ಗಾತ್ರ ಹೊರಬಿತ್ತು. 2020ರಲ್ಲಿ ಯುನೈಟೆಡ್ ತನ್ನ ಮೈಲೇಜ್ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಎತ್ತಿತು, ಡೆಲ್ಟಾ 900 ಕೋಟಿ, ಮರುವರ್ಷ ಅಮೆರಿಕನ್ 1,000 ಕೋಟಿ. ಸಾಲ ಕೊಟ್ಟವರಿಗೆ ವಿಮಾನಗಳಿಗಿಂತ ನಮ್ಮ ನಿಮ್ಮಂಥವರ ಪಾಯಿಂಟ್ ಖಾತೆಗಳೇ ಹೆಚ್ಚು ಭದ್ರವಾಗಿ ಕಂಡವು.

ಆದರೆ ಆ ಖಾತೆಯ ಮೇಲೆ ನಮಗಿರುವ ಹಕ್ಕು ತೀರ ತೆಳು. ಒಂದು ಟಿಕೆಟ್‌ಗೆ ಇಂದು ಎಷ್ಟು ಪಾಯಿಂಟ್ ಬೇಕೋ ನಾಳೆಯೂ ಅಷ್ಟೇ ಬೇಕೆಂಬ ಖಾತ್ರಿ ಯಾವ ಕಂಪನಿಯೂ ಕೊಟ್ಟಿಲ್ಲ. ನಮ್ಮ ದೇಶದಲ್ಲೇ ಮೂರು ಉದಾಹರಣೆಗಳಿವೆ. ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಕಿಂಗ್ ಕ್ಲಬ್‌ನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಮೈಲ್ಸ್ ಹಿಡಿದುಕೊಂಡು ಹೋಗಲು ವಿಮಾನವೇ ಇರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ವಿಮಾನ ಹಾರಿಸಿತು. ಅದರ ಪಾಯಿಂಟ್ ಯೋಜನೆ ಜೆಟ್‌ಪ್ರಿವಿಲೇಜ್ ಬೇರೆಯೇ ಕಂಪನಿಯ ಕೈಯಲ್ಲಿದ್ದ ಕಾರಣ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಉಳಿದುಕೊಂಡಿತು, ಆದರೆ ಆ ಪಾಯಿಂಟ್ ಕೂಡಿಟ್ಟವರು ಬಯಸಿದ್ದ ಜೆಟ್‌ನ ಸೀಟು ಇಲ್ಲವಾಯಿತು. ವಿಸ್ತಾರಾದ್ದು ಇದ್ದುದರಲ್ಲಿ ಸುಖಾಂತ್ಯ. 2024ರ ನವೆಂಬರ್ 12ರಂದು ಅದು ಏರ್ ಇಂಡಿಯಾದಲ್ಲಿ ಲೀನವಾದಾಗ ಸದಸ್ಯರ ಪಾಯಿಂಟ್‌ಗಳು ಒಂದಕ್ಕೊಂದರಂತೆ ಆ ಕಂಪನಿಯ ಮಹಾರಾಜ ಕ್ಲಬ್ ಸೇರಿದವು. ಹಾಗಿದ್ದರೂ ವರ್ಷಕ್ಕಿಷ್ಟು ಖರ್ಚು ಮಾಡಿದರೆ ಇಷ್ಟು ಉಚಿತ ಟಿಕೆಟ್ ಎಂಬ ಲೆಕ್ಕದ ಮೇಲೆ ವಿಸ್ತಾರಾ ಹೆಸರಿನ ಕಾರ್ಡ್ ಹಿಡಿದಿದ್ದವರ ಯೋಜನೆಯೆಲ್ಲ ತಲೆಕೆಳಗಾಯಿತು.

ಬ್ಯಾಂಕುಗಳೂ ಇದಕ್ಕೆ ಹೊರತಲ್ಲ. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡ್ ಒಂದು ಕಾಲದಲ್ಲಿ ಪಾಯಿಂಟ್ ಪ್ರಿಯರ ಕಣ್ಮಣಿ. ತಿಂಗಳಿಗೆ ಒಂದು ಲಕ್ಷ ಖರ್ಚು ಮಾಡಿದರೆ 25,000 ಪಾಯಿಂಟ್ ಹೆಚ್ಚುವರಿ ಸಿಗುತ್ತಿತ್ತು, ಐದು ಪಾಯಿಂಟ್ ಕೊಟ್ಟರೆ ನಾಲ್ಕು ಮೈಲ್ಸ್ ಬರುತ್ತಿತ್ತು. 2023ರ ಸೆಪ್ಟೆಂಬರ್‌ನಿಂದ ಆ ತಿಂಗಳ ಕೊಡುಗೆ ನಿಂತಿತು, ಐದು ಪಾಯಿಂಟ್‌ಗೆ ಎರಡೇ ಮೈಲ್ಸ್ ಎಂದಾಯಿತು, ವಾರ್ಷಿಕ ಶುಲ್ಕ 10,000ದಿಂದ 12,500ಕ್ಕೆ ಏರಿತು. ವರ್ಷಗಟ್ಟಲೆ ಕೂಡಿಟ್ಟವರ ಪಾಯಿಂಟ್ ಒಂದೇ ಪ್ರಕಟಣೆಯಲ್ಲಿ ಅರ್ಧ ಬೆಲೆಗೆ ಇಳಿಯಿತು. ಪಾಯಿಂಟ್ ಕೂಡಿಡುವುದು ಉಳಿತಾಯ ಅಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಬಡ್ಡಿ ಸೇರುತ್ತದೆ, ಪಾಯಿಂಟ್‌ಗೆ ಸೇರುವುದು ಸವಕಳಿ ಮಾತ್ರ. ಒಂದೋ ಎರಡೋ ವರ್ಷದೊಳಗೆ ಬಳಸುವ ಪ್ರಯಾಣ ಕಣ್ಣೆದುರು ಇದ್ದರಷ್ಟೇ ಕೂಡಿಡಿ.

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭವಾಗುತ್ತದೆ. ಏರ್‌ಲೈನ್ ಕಾರ್ಡುಗಳಲ್ಲಿ ಎರಡು ಬಗೆ. ಒಂದು, ಒಂದೇ ಕಂಪನಿಯ ಹೆಸರು ಹೊತ್ತದ್ದು. ಪಾಯಿಂಟ್ ನೇರವಾಗಿ ಆ ಕಂಪನಿಯ ಖಾತೆಗೇ ಬೀಳುತ್ತದೆ. ಇನ್ನೊಂದು, ಪಾಯಿಂಟ್ ಬ್ಯಾಂಕಿನಲ್ಲೇ ಉಳಿದು ನಿಮಗೆ ಬೇಕಾದಾಗ ಬೇಕಾದ ಏರ್‌ಲೈನ್‌ಗೆ ವರ್ಗಾಯಿಸಬಹುದಾದದ್ದು. ಎಚ್‌ಡಿಎಫ್‌ಸಿ, ಆಕ್ಸಿಸ್, ಅಮೆರಿಕನ್ ಎಕ್ಸ್‌ಪ್ರೆಸ್, ಎಚ್‌ಎಸ್‌ಬಿಸಿ ಇವುಗಳ ಮೇಲ್ದರ್ಜೆಯ ಕೆಲವು ಕಾರ್ಡುಗಳು ಈ ಎರಡನೆಯ ಬಗೆಯವು. ನನ್ನ ಒಲವು ಇದರ ಕಡೆಗೇ. ಒಂದು ಕಂಪನಿ ಮುಳುಗಿದರೂ ದರ ಏರಿಸಿದರೂ ಪಾಯಿಂಟ್ ಬೇರೆ ಕಡೆಗೆ ತಿರುಗಿಸಬಹುದು. ಅಮೆರಿಕನ್ ಎಕ್ಸ್‌ಪ್ರೆಸ್ ಮಾತ್ರ ಸಣ್ಣ ಊರುಗಳ ಅಂಗಡಿಗಳಲ್ಲಿ ಎಲ್ಲ ಕಡೆ ನಡೆಯುವುದಿಲ್ಲ ಎಂಬುದು ನೆನಪಿರಲಿ.

ಈಗ ಊರಿನ ವಿಷಯ. ನಿಮ್ಮ ಓಡಾಟವೆಲ್ಲ ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಬೆಂಗಳೂರು, ಮುಂಬೈ ನಡುವೆಯೇ ಆದರೆ ವಿಮಾನ ಪಾಯಿಂಟ್‌ನ ಗೊಡವೆ ಬೇಡ. ಮೊದಲೇ ಕಾದಿರಿಸಿದರೆ ಈ ಟಿಕೆಟ್‌ಗಳು ಅಗ್ಗ, ಅಗ್ಗದ ಟಿಕೆಟ್‌ಗೆ ಪಾಯಿಂಟ್ ಸುರಿದರೆ ಅದರ ಬೆಲೆ ಏಳುವುದಿಲ್ಲ. ಕ್ಯಾಶ್‌ಬ್ಯಾಕ್ ಕಾರ್ಡ್ ಇಟ್ಟುಕೊಂಡು ಯಾವ ಕಂಪನಿಯ ದರ ಕಡಿಮೆಯೋ ಅದನ್ನು ಕೊಳ್ಳಿ. ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಕಡೆಗಾದರೆ ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ನೋಡಬೇಕು. ಅದರ ವಿಮಾನ ಬೆಂಗಳೂರಿನಿಂದ ನೇರ ಇದೆ. ಯುರೋಪಿಗೆ, ಅಲ್ಲಿಂದ ಅಮೆರಿಕದ ಪೂರ್ವ ತೀರಕ್ಕೆ ಹೋಗುವವರಿಗೆ ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಒಟ್ಟಾಗಿ ನಡೆಸುವ ಫ್ಲೈಯಿಂಗ್ ಬ್ಲೂ ಒಳ್ಳೆಯದು. ಅದು ತಿಂಗಳಿಗೊಮ್ಮೆ ಕೆಲವು ಊರುಗಳ ಟಿಕೆಟ್‌ಗಳನ್ನು ಕಡಿಮೆ ಮೈಲ್ಸ್‌ಗೆ ಬಿಡುತ್ತದೆ. ಕತಾರ್ ಏರ್‌ವೇಸ್ 2022ರಿಂದ ಬ್ರಿಟಿಷ್ ಏರ್‌ವೇಸ್ ಬಳಸುವ ಏವಿಯೊಸ್ ಪಾಯಿಂಟನ್ನೇ ಬಳಸುತ್ತಿರುವುದರಿಂದ ಇವೆರಡರ ನಡುವೆ ಪಾಯಿಂಟ್ ಸಾಗಿಸಬಹುದು. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಕೂಟದಲ್ಲಿದೆ, ಅಂದರೆ ಅದರ ಪಾಯಿಂಟ್‌ಗೆ ಲುಫ್ತಾನ್ಸಾ ವಿಮಾನದ ಸೀಟೂ ಸಿಗಬಹುದು, ಯುನೈಟೆಡ್‌ನ ಮೈಲ್ಸ್‌ಗೆ ಏರ್ ಇಂಡಿಯಾದ ಸೀಟೂ ಸಿಗಬಹುದು. ನಿಮ್ಮ ಊರಿಗೆ ಹೋಗುವ ಕಂಪನಿ ಯಾವುದು, ಅದರ ಕೂಟದಲ್ಲಿ ಯಾರಿದ್ದಾರೆ ಎಂದು ಮೊದಲು ನೋಡಿ. ಯಾವ ಬ್ಯಾಂಕಿನ ಪಾಯಿಂಟ್ ಅಲ್ಲಿಗೆ ಹೋಗುತ್ತದೆ ಎಂಬುದು ಆಮೇಲೆ.

ಪಾಯಿಂಟ್‌ನ ಬೆಲೆ ಕಟ್ಟುವುದನ್ನು ಕಲಿಯದೆ ಕಾರ್ಡ್ ಆರಿಸಬಾರದು. ಹಣ ಕೊಟ್ಟು ಕೊಂಡರೆ ಟಿಕೆಟ್‌ಗೆ ಎಷ್ಟಾಗುತ್ತದೋ ಅದರಿಂದ, ಪಾಯಿಂಟ್ ಕೊಟ್ಟಾಗಲೂ ಕೈಯಿಂದ ತೆರಬೇಕಾದ ತೆರಿಗೆ ಮತ್ತು ಶುಲ್ಕ ಕಳೆಯಿರಿ. ಉಳಿದದ್ದನ್ನು ಬೇಕಾದ ಪಾಯಿಂಟ್‌ಗಳಿಂದ ಭಾಗಿಸಿ. ಟಿಕೆಟ್ 9,000 ರೂಪಾಯಿ, ತೆರಿಗೆ 1,500, ಬೇಕಾದ ಪಾಯಿಂಟ್ 10,000 ಎಂದಿಟ್ಟುಕೊಂಡರೆ ಒಂದು ಪಾಯಿಂಟ್‌ಗೆ 75 ಪೈಸೆ ಸಿಕ್ಕಂತೆ. ‘ಉಚಿತ’ ಟಿಕೆಟ್‌ನಲ್ಲೂ ಈ ತೆರಿಗೆ, ಶುಲ್ಕ ಇದ್ದೇ ಇರುತ್ತದೆ. ಲಂಡನ್ ಮೂಲಕ ಬ್ರಿಟಿಷ್ ಏರ್‌ವೇಸ್‌ನಲ್ಲಿ ಹೋದರೆ ಅದು ಎದೆ ಝಲ್ಲೆನಿಸುವಷ್ಟು ಇರುತ್ತದೆ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 50,000ದಂತೆ ವರ್ಷಕ್ಕೆ ಆರು ಲಕ್ಷ ಕಾರ್ಡಿನಲ್ಲಿ ಹೋಗುತ್ತದೆ ಅಂದುಕೊಳ್ಳಿ. ಎಲ್ಲ ಖರ್ಚಿಗೂ ಪಾಯಿಂಟ್ ಬರುವುದಿಲ್ಲ. ಬಾಡಿಗೆ, ಪೆಟ್ರೋಲ್, ವ್ಯಾಲೆಟ್‌ಗೆ ತುಂಬಿದ ಹಣ, ಸರ್ಕಾರಿ ಪಾವತಿ ಇವನ್ನು ಹೆಚ್ಚಿನ ಬ್ಯಾಂಕುಗಳು ಹೊರಗಿಟ್ಟಿವೆ. ವಿಮೆ, ಚಿನ್ನ, ಕರೆಂಟ್ ಬಿಲ್ಲು, ಶಾಲೆಯ ಫೀಸು ಒಂದೊಂದು ಕಾರ್ಡಿನಲ್ಲಿ ಒಂದೊಂದು ಥರ. ಹೀಗೆ ಲೆಕ್ಕಕ್ಕೆ ಬರುವುದು ನಾಲ್ಕು ಲಕ್ಷ ಎನ್ನೋಣ. ನೂರಕ್ಕೆ ಎರಡು ಪಾಯಿಂಟ್ ಕೊಡುವ ಕಾರ್ಡಿಗೆ 5,000 ವಾರ್ಷಿಕ ಶುಲ್ಕ, ಜಿಎಸ್‌ಟಿ ಸೇರಿ 5,900. ಬಂದದ್ದು 8,000 ಪಾಯಿಂಟ್. ಒಂದು ಪಾಯಿಂಟ್‌ಗೆ ಒಂದು ರೂಪಾಯಿ ಸಿಕ್ಕರೆ ಶುಲ್ಕ ಕಳೆದು ಉಳಿಯುವುದು 2,100 ರೂಪಾಯಿ. ಶುಲ್ಕವಿಲ್ಲದ, ಶೇ. 1.5 ಕ್ಯಾಶ್‌ಬ್ಯಾಕ್ ಕೊಡುವ ಸಾದಾ ಕಾರ್ಡಿನಲ್ಲಿ ಅದೇ ಖರ್ಚಿಗೆ 6,000 ಕೈಗೆ ಬರುತ್ತಿತ್ತು! ಇವೆರಡೂ ಸಮವಾಗಬೇಕಾದರೆ ಲೆಕ್ಕಕ್ಕೆ ಬರುವ ಖರ್ಚು ವರ್ಷಕ್ಕೆ 11.8 ಲಕ್ಷ ಇರಬೇಕು. ಅದೇ ಒಂದು ಪಾಯಿಂಟ್‌ಗೆ ಎರಡು ರೂಪಾಯಿ ಸಿಗುವಂತೆ ಬಳಸಬಲ್ಲವರಿಗೆ 2.36 ಲಕ್ಷಕ್ಕೇ ಸಮವಾಗುತ್ತದೆ. ಎಷ್ಟು ಪಾಯಿಂಟ್ ಗಳಿಸಿದಿರಿ ಎನ್ನುವುದಕ್ಕಿಂತ ಹೇಗೆ ಬಳಸಿದಿರಿ ಎಂಬುದೇ ಫಲವನ್ನು ನಿರ್ಧರಿಸುತ್ತದೆ ಎಂದು ಈ ಎರಡು ಅಂಕಿಗಳು ಹೇಳುತ್ತವೆ.

ಎರಡು ರೂಪಾಯಿ ಸಾಮಾನ್ಯವಾಗಿ ಸಿಗುವುದು ದೂರದ ಪ್ರಯಾಣದಲ್ಲಿ, ಅದರಲ್ಲೂ ಬಿಸಿನೆಸ್ ಕ್ಲಾಸಿನಲ್ಲಿ. ಇಲ್ಲೊಂದು ಎಚ್ಚರ ಬೇಕು. ಮೂರು ಲಕ್ಷದ ಬಿಸಿನೆಸ್ ಟಿಕೆಟನ್ನು ಪಾಯಿಂಟ್‌ನಲ್ಲಿ ಪಡೆದವರು ಮೂರು ಲಕ್ಷ ಉಳಿಸಿದೆ ಎನ್ನುವುದು ಸರಿಯಲ್ಲ. ಹಣ ಕೊಟ್ಟು ಹೋಗುವಂತಿದ್ದರೆ ಅವರು ಕೊಳ್ಳುತ್ತಿದ್ದುದು 80,000ದ ಎಕಾನಮಿ ಟಿಕೆಟನ್ನೇ. ನಿಜವಾಗಿ ಉಳಿದದ್ದು ಅಷ್ಟೇ. ಮಂಡಿ ನೋವಿರುವ ಎಪ್ಪತ್ತರ ತಾಯಿಗೆ ಹದಿನೇಳು ತಾಸು ಮಲಗಿಕೊಂಡು ಹೋಗುವ ಸೌಕರ್ಯ ದೊಡ್ಡದೇ, ಅದಕ್ಕಾಗಿ ಪಾಯಿಂಟ್ ಕೂಡಿಡುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಕಾರ್ಡ್ ಹೋಲಿಸುವ ಲೆಕ್ಕದಲ್ಲಿ ಮಾತ್ರ ಆ ಮೂರು ಲಕ್ಷ ನುಸುಳಬಾರದು.

ವಿದೇಶಕ್ಕೆ ಹೋದ ಮೇಲೆ ಪಾಯಿಂಟ್‌ಗಾಗಿ ಅಲ್ಲೂ ಅದೇ ಕಾರ್ಡ್ ಉಜ್ಜುವವರಿದ್ದಾರೆ. ವಿದೇಶಿ ವಹಿವಾಟಿನ ಶುಲ್ಕ ಬಹಳಷ್ಟು ಕಾರ್ಡುಗಳಲ್ಲಿ ಶೇ. 3.5, ಜಿಎಸ್‌ಟಿ ಸೇರಿದರೆ ಶೇ. 4.13. ಒಂದು ಲಕ್ಷ ಖರ್ಚಿಗೆ 4,130 ರೂಪಾಯಿ ತೆತ್ತು 2,000 ಪಾಯಿಂಟ್ ಪಡೆಯುವುದು ನಷ್ಟದ ವ್ಯವಹಾರ. ವಿದೇಶಿ ಶುಲ್ಕ ಇಲ್ಲದ ಅಥವಾ ಕಡಿಮೆ ಇರುವ ಕಾರ್ಡ್ ಒಂದನ್ನು ಅದಕ್ಕೆಂದೇ ಇಟ್ಟುಕೊಳ್ಳಬೇಕು.

ಬಳಸುವಾಗಿನ ಕ್ರಮವೂ ಮುಖ್ಯ. ಬ್ಯಾಂಕಿನಿಂದ ಏರ್‌ಲೈನ್‌ಗೆ ಒಮ್ಮೆ ವರ್ಗಾಯಿಸಿದ ಪಾಯಿಂಟ್ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲು ಏರ್‌ಲೈನ್‌ನಲ್ಲಿ ಖಾತೆ ತೆರೆದು, ಬೇಕಾದ ದಿನಕ್ಕೆ ಪಾಯಿಂಟ್ ಸೀಟು ಇದೆಯೇ ನೋಡಿ, ಇದ್ದರೆ ಮಾತ್ರ ವರ್ಗಾಯಿಸಬೇಕು. ಖಾತೆಯ ಹೆಸರು ಬ್ಯಾಂಕಿನಲ್ಲಿರುವ ಹೆಸರಿನ ಜೊತೆ ಅಕ್ಷರಶಃ ಹೊಂದಬೇಕು. ಇನಿಷಿಯಲ್ ಬಳಸುವ ನಮ್ಮ ಕಡೆಯವರಿಗೆ ಇಲ್ಲೇ ಹೆಚ್ಚು ತೊಡಕಾಗುವುದು. ದಸರಾ ರಜೆ, ಡಿಸೆಂಬರ್, ಬೇಸಿಗೆ ರಜೆಗೆ ಪಾಯಿಂಟ್ ಸೀಟು ದುರ್ಲಭ, ದಿನಾಂಕ ಹಿಂದೆಮುಂದೆ ಮಾಡಿಕೊಳ್ಳಬಲ್ಲ ನಿವೃತ್ತರಿಗೆ ಸಿಗುವ ಸಾಧ್ಯತೆ ಹೆಚ್ಚು. ಬೇರೆಯವರಿಗಾಗಿ ಟಿಕೆಟ್ ತೆಗೆಯುವುದಕ್ಕೂ ನಿಯಮಗಳಿವೆ. ಕ್ರಿಸ್‌ಫ್ಲೈಯರ್‌ನಲ್ಲಿ ಐದು ಜನರನ್ನು ಮೊದಲೇ ನಮೂದಿಸಿಟ್ಟು ಅವರಿಗಷ್ಟೇ ತೆಗೆಯಬಹುದು. ಅದರ ಮೈಲ್ಸ್ ಮೂರು ವರ್ಷಕ್ಕೆ ಮುಗಿಯುತ್ತದೆ.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಿಗೆ ಒಂದು ಮಾತು. ಅಲ್ಲಿ ಬ್ಯಾಂಕಿಗೆ ಸಿಗುವ ವಹಿವಾಟು ಶುಲ್ಕಕ್ಕೆ ಕ್ರೆಡಿಟ್ ಕಾರ್ಡುಗಳಲ್ಲಿ ಮಿತಿಯಿಲ್ಲ, ಹಾಗಾಗಿ ಹೊಸ ಕಾರ್ಡಿನ ಸ್ವಾಗತ ಕೊಡುಗೆಯೇ ನಮ್ಮಲ್ಲಿನ ಹಲವು ವರ್ಷಗಳ ಗಳಿಕೆಗೆ ಸಮ. ವರ್ಷಕ್ಕೆ 95 ಡಾಲರ್ ಶುಲ್ಕದ ಚೇಸ್ ಸಫೈರ್ ಪ್ರಿಫರ್ಡ್ ಕಾರ್ಡಿನಲ್ಲಿ 60,000 ಪಾಯಿಂಟ್‌ನ ಕೊಡುಗೆ ಅಪರೂಪವಲ್ಲ, ಅವು ಫ್ಲೈಯಿಂಗ್ ಬ್ಲೂ, ಕ್ರಿಸ್‌ಫ್ಲೈಯರ್, ಯುನೈಟೆಡ್‌ಗೆ ಒಂದಕ್ಕೊಂದರಂತೆ ಹೋಗುತ್ತವೆ. ಅಪ್ಪ ಅಮ್ಮ ಇಲ್ಲಿ ದುಬಾರಿ ಶುಲ್ಕದ ಕಾರ್ಡ್ ಹಿಡಿದು ಪಾಯಿಂಟ್ ಎಣಿಸುವ ಬದಲು ಮಗನೋ ಮಗಳೋ ಅಲ್ಲಿಂದಲೇ ಟಿಕೆಟ್ ತೆಗೆಯುವುದು ಜಾಣತನ.

ಪಾಯಿಂಟ್‌ಗಾಗಿ ನೆಂಟರ, ಸ್ನೇಹಿತರ ಖರೀದಿಯನ್ನೆಲ್ಲ ತಮ್ಮ ಕಾರ್ಡಿನಲ್ಲಿ ಮಾಡಿಸಿಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ವರ್ಷದಲ್ಲಿ ಒಟ್ಟು ಹತ್ತು ಲಕ್ಷ ರೂಪಾಯಿ ಅಥವಾ ಹೆಚ್ಚಿನ ಕಾರ್ಡ್ ಬಿಲ್ ಕಟ್ಟಿದವರ ವಿವರ, ನಗದಿನಲ್ಲಾದರೆ ಒಂದು ಲಕ್ಷಕ್ಕೇ, ಬ್ಯಾಂಕಿನಿಂದ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ಆದಾಯ ಐದು ಲಕ್ಷ ತೋರಿಸಿ ಬಿಲ್ಲು ಹದಿನೈದು ಲಕ್ಷ ಕಟ್ಟಿದ್ದರೆ ಇಲಾಖೆಯ ಪ್ರಶ್ನೆ ಬರುವುದು ಸಹಜ. ಮನೆಯ ಖರ್ಚಲ್ಲದ್ದನ್ನು ಖರ್ಚೆಂದು ತೋರಿಸಿ ಸುತ್ತು ಹೊಡೆಸುವುದು ಕಂಡರೆ ಬ್ಯಾಂಕುಗಳೂ ಪಾಯಿಂಟ್ ಹಿಂದಕ್ಕೆ ಪಡೆಯುತ್ತವೆ, ಕಾರ್ಡನ್ನೇ ರದ್ದುಮಾಡುತ್ತವೆ.

ಪ್ರತಿವರ್ಷ ಶುಲ್ಕ ಬೀಳುವ ತಿಂಗಳಿಗೆ ಮುಂಚೆ ಮೇಲಿನ ಲೆಕ್ಕವನ್ನು ಮತ್ತೆ ಹಾಕಿ. ಹೊರಟ ಪ್ರಯಾಣ ಮುಗಿದಿದ್ದರೆ, ನಿಯಮ ಬದಲಾಗಿ ಲಾಭ ಉಳಿದಿಲ್ಲದಿದ್ದರೆ ಕಾರ್ಡ್ ಮುಚ್ಚಿಸಲು ಹಿಂಜರಿಯಬೇಡಿ. ಮುಚ್ಚುವ ಮೊದಲು ಪಾಯಿಂಟ್ ಬಳಸಬೇಕು ಇಲ್ಲವೇ ವರ್ಗಾಯಿಸಬೇಕು, ಕಾರ್ಡಿನ ಜೊತೆಗೇ ಅವು ಹೋಗಿಬಿಡುತ್ತವೆ. ಬಾಕಿ ಏನೂ ಇಲ್ಲದಿದ್ದರೆ ಅರ್ಜಿ ಕೊಟ್ಟ ಏಳು ಕೆಲಸದ ದಿನಗಳೊಳಗೆ ಬ್ಯಾಂಕು ಕಾರ್ಡ್ ಮುಚ್ಚಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ತಡವಾದ ಪ್ರತಿ ದಿನಕ್ಕೂ 500 ರೂಪಾಯಿ ದಂಡ, ಅದು ಸೇರಬೇಕಾದದ್ದು ನಿಮಗೆ. ಫೋನಿನಲ್ಲಿ ಹೇಳಿದರೆ ಶುಲ್ಕ ಮನ್ನಾ ಮಾಡುತ್ತೇವೆ, ಇನ್ನೊಂದು ವರ್ಷ ಇಟ್ಟುಕೊಳ್ಳಿ ಎಂದು ಒತ್ತಾಯಿಸುವುದುಂಟು. ಅದಕ್ಕೇ ಅರ್ಜಿಯನ್ನು ಇಮೇಲ್‌ನಲ್ಲೋ ಆ್ಯಪ್‌ನಲ್ಲೋ ಕೊಟ್ಟು, ಬಂದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.